ಅಳತೆಗಳ ಬೆನ್ನು ಹತ್ತಿ ಮಲೆನಾಡಿನಲ್ಲಿ

ಹಳೆಯ ಸಾಮಾನು ಹುಡುಕುವವರಿಗೆ ಮಲೆನಾಡಿನಲ್ಲಿ ನವರಾತ್ರಿ ಮುಗಿದು ದೀಪಾವಳಿ ಬರುವವರೆಗಿನ ದಿನಗಳೇ ಸುಗ್ಗಿ. ಮಳೆಗಾಲವಿಡೀ ಬೂಷ್ಟು ಹಿಡಿದು ಕೂತ ಅಟ್ಟಗಳನ್ನು ಆಗ ಗುಡಿಸುತ್ತಾರೆ. ಬುಡ ಸವೆದ ಹಂಡೆ, ಹಿಡಿ ಕಳಚಿದ ಸೌಟು, ಗಾಜು ಒಡೆದ ಲಾಟೀನು ಎಲ್ಲವೂ ಅಂಗಳಕ್ಕೆ ಇಳಿಯುತ್ತವೆ. ಒಂದೆರಡು ವಾರದಲ್ಲಿ ಗುಜರಿಯವನ ಗಾಡಿ ಬರುತ್ತದೆ, ತೂಕದ ಲೆಕ್ಕದಲ್ಲಿ ಅವೆಲ್ಲ ಹೋಗುತ್ತವೆ. ಅಂಗಳಕ್ಕೂ ಗಾಡಿಗೂ ನಡುವಿನ ಆ ಹೊತ್ತನ್ನು ಹಿಡಿಯಬೇಕೆಂದು ನಾನು ಮತ್ತು ನನ್ನ ಸೋದರಮಾವ ಈ ಬಾರಿ ಭೂಮಿ ಹುಣ್ಣಿಮೆಯ ಹೊತ್ತಿಗೆ ಹೊರಟೆವು.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಸಂತೆಯ ತಕ್ಕಡಿ, ಸೀಮೆಎಣ್ಣೆ ಅಳೆಯುವ ಲೀಟರು, ಬಂಗಾರದಂಗಡಿಯ ಬಟ್ಟು ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದರಲ್ಲೇ ಅವರ ನೌಕರಿ ಕಳೆಯಿತು. ಈಗ ಅವರಿಗಿರುವ ಒಂದೇ ಆಸೆಯೆಂದರೆ ಹಳೆಯ ಅಳತೆಗಳು: ಸೇರು, ಪಾವು, ಚಟಾಕು, ಕೊಳಗ. ಅವರ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಭೂತಗನ್ನಡಿ, ಅಯಸ್ಕಾಂತ, ದರ್ಜಿಯ ಟೇಪು, ಅಂಗೈಯಗಲದ ಡಿಜಿಟಲ್ ತಕ್ಕಡಿ ಇರುತ್ತವೆ. ಒಂದು ವಸ್ತು ಏನೆಂದು ತಿಳಿಯಬೇಕಾದರೆ ಅದರಿಂದ ಒಮ್ಮೆ ಕೆಲಸ ಮಾಡಿಸಿ ನೋಡಬೇಕು, ಬರಿದೇ ನೋಡಿ ಹೇಳುವುದೆಲ್ಲ ಊಹೆ ಎನ್ನುವುದು ಅವರ ಗಟ್ಟಿ ನಂಬಿಕೆ. ಈ ಪ್ರವಾಸದಲ್ಲಿ ಅದು ನನ್ನ ನಂಬಿಕೆಯೂ ಆಯಿತು.

ಮೊದಲ ದಿನ: ಶಿವಮೊಗ್ಗ

ರೈಲು ಇಳಿದು ತಿಂಡಿ ಮುಗಿಸಿ ನೇರವಾಗಿ ಶಿವಪ್ಪ ನಾಯಕ ಅರಮನೆಗೆ ಹೋದೆವು. ಸೋಮವಾರ ಹೋಗುವವರು ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ದಪ್ಪ ಮರದ ಕಂಬಗಳ ದರ್ಬಾರು ತಂಪಾಗಿತ್ತು. ಆದರೆ ನಾವು ಹೆಚ್ಚು ಹೊತ್ತು ನಿಂತದ್ದು ಹೊರಗೆ, ಸಾಲಾಗಿ ನಿಲ್ಲಿಸಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಮುಂದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ, ತುದಿಯಲ್ಲಿ ಸೂರ್ಯ ಚಂದ್ರ. ಸಂಗ್ರಹಕಾರರಿಗೆ ಈ ಕಲ್ಲುಗಳು ದೊಡ್ಡ ಪಾಠಶಾಲೆ. ಆ ಕಾಲದ ಕತ್ತಿಯ ಬಾಗು ಎಷ್ಟು, ಗುರಾಣಿಯ ಹಿಡಿ ಎಲ್ಲಿ, ಕೂದಲ ಗಂಟು ಯಾವ ಕಡೆ ಎಂಬುದನ್ನೆಲ್ಲ ಶಿಲ್ಪಿ ಕಂಡದ್ದನ್ನು ಕಂಡ ಹಾಗೆ ಕೆತ್ತಿದ್ದಾನೆ. ಅಟ್ಟದಲ್ಲಿ ಸಿಕ್ಕ ತುಕ್ಕು ಹಿಡಿದ ಕಬ್ಬಿಣದ ತುಂಡನ್ನು ಗುರುತಿಸಲು ಇದಕ್ಕಿಂತ ನಂಬಿಕಸ್ಥ ಸಾಕ್ಷಿ ಸಿಗುವುದು ಕಷ್ಟ.

ಹೊಲದ ಬದಿಯ ವೀರಗಲ್ಲು ಚೆನ್ನಾಗಿದೆ ಎಂದು ಮನೆಯ ಹೂದೋಟಕ್ಕೆ ಹೊತ್ತು ತರುವವರಿದ್ದಾರೆ. ದಯವಿಟ್ಟು ಬೇಡ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಲೋಹದ ಕೆಲಸಗಳು ಪ್ರಾಚ್ಯವಸ್ತುಗಳು. ಹಸ್ತಪ್ರತಿಗಳಿಗೆ 75 ವರ್ಷವೇ ಸಾಕು. ಅವುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ಶಿಲ್ಪಗಳನ್ನು ಇಟ್ಟುಕೊಳ್ಳಬೇಕಾದರೆ ನೋಂದಣಿ ಬೇಕು. ಕಾಯ್ದೆ ಹಾಗಿರಲಿ, ಊರಿನ ಕಲ್ಲು ಊರಲ್ಲಿದ್ದರೆ ಮಾತ್ರ ಅದು ಯಾರಿಗಾಗಿ ನಿಂತಿತು ಎನ್ನುವುದು ಉಳಿಯುತ್ತದೆ.

ಮಧ್ಯಾಹ್ನ ಗಾಂಧಿ ಬಜಾರಿನ ಪಾತ್ರೆ ಅಂಗಡಿಗಳ ಹಿಂದಿನ ಓಣಿಗಳಲ್ಲಿ ಅಲೆದೆವು. ಒಬ್ಬ ವ್ಯಾಪಾರಿ ನಮ್ಮ ಚೀಲ ನೋಡಿ ಕರೆದು, ಕೆಂಪು ಬಟ್ಟೆ ಬಿಚ್ಚಿ ಒಂದು ನಾಣ್ಯ ತೋರಿಸಿದ. ಒಂದು ಕಡೆ ರಾಮ ಪಟ್ಟಾಭಿಷೇಕ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಅರ್ಧ ಆಣೆ, 1818. ಬೆಲೆ ಕೇಳಿದರೆ ಐದಂಕಿ. ಕಂಪನಿ ಸರ್ಕಾರ ಇಂಥ ನಾಣ್ಯವನ್ನು ಎಂದೂ ಅಚ್ಚು ಹಾಕಿಸಲಿಲ್ಲ. ದೇಶದ ಉದ್ದಗಲಕ್ಕೆ ಮೋಸಕ್ಕೆಂದೇ ಓಡಾಡುತ್ತಿರುವ ಬಿಲ್ಲೆ ಇದು. ಇದಕ್ಕಿಂತ ದೊಡ್ಡ ಮೋಸ ಅಕ್ಕಿ ಸೆಳೆಯುವ ತಾಮ್ರದ ಚೊಂಬಿನದು. ‘ರೈಸ್ ಪುಲ್ಲಿಂಗ್’ ಎಂಬ ಹೆಸರಿನಲ್ಲಿ ಮನೆಮಠ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಯಾವ ಹಳೆಯ ಪಾತ್ರೆಗೂ ಅಂಥ ಶಕ್ತಿಯಿಲ್ಲ. ಪವಾಡದ ಮಾತು ಬಂದ ಕೂಡಲೇ ಅಂಗಡಿಯ ಮೆಟ್ಟಿಲು ಇಳಿದುಬಿಡಬೇಕು.

ಇನ್ನೊಂದು ಅಂಗಡಿಯಲ್ಲಿ ನಮ್ಮ ಪ್ರವಾಸದ ಮೊದಲ ಒಳ್ಳೆಯ ವಸ್ತು ಸಿಕ್ಕಿತು. ಕಾಗದ ಹಾರದಂತೆ ಬಿಲ್ಲುಗಳ ಮೇಲೆ ಇಟ್ಟಿದ್ದ ಹಿತ್ತಾಳೆಯ ಗುಂಡನೆಯ ಗಟ್ಟಿ. ಅಂಚೆಲ್ಲ ಸವೆದು ನುಣ್ಣಗಾಗಿತ್ತು. ಮಾವ ಕೇಳಿಕೊಂಡು ಅದನ್ನು ತಮ್ಮ ಪುಟ್ಟ ತಕ್ಕಡಿಯ ಮೇಲಿಟ್ಟರು: 279 ಗ್ರಾಂ. ಅವರ ಮುಖ ಅರಳಿತು.

“ಕಚ್ಚಾ ಸೇರು ಮಾರಾಯ ಇದು! ಇಪ್ಪತ್ತನಾಲ್ಕು ತೊಲ.”

ಬ್ರಿಟಿಷರ ಕಾಲದ ಬೆಳ್ಳಿಯ ಒಂದು ರೂಪಾಯಿ ನಾಣ್ಯದ ತೂಕವೇ ಒಂದು ತೊಲ, 11.66 ಗ್ರಾಂ. ಅಂಥ 24 ರೂಪಾಯಿ ಕೂಡಿಸಿದರೆ ಹಳೆಯ ಮೈಸೂರಿನ ಕಚ್ಚಾ ಸೇರು, ಸುಮಾರು 280 ಗ್ರಾಂ. ಪಕ್ಕಾ ಸೇರು 80 ತೊಲದ್ದು. ಒಂದು ಗ್ರಾಂ ಕಡಿಮೆಯಾದದ್ದು ಎಷ್ಟೋ ಅಂಗಡಿಗಳ ಎಷ್ಟೋ ಕೈಗಳ ಉಜ್ಜಾಟದಲ್ಲಿ. 1956ರ ಕಾನೂನಿನ ನಂತರ ಕಿಲೋಗ್ರಾಂ ಬಂದು, ಇಂಥ ಬಟ್ಟುಗಳೆಲ್ಲ ಕೆಲಸ ಕಳೆದುಕೊಂಡವು. ಅಂಗಡಿಯವರು ಹಿತ್ತಾಳೆಯ ಬೆಲೆಗಿಂತ ಸ್ವಲ್ಪ ಹೆಚ್ಚು ಹೇಳಿದರು, ನಾವು ಚೌಕಾಸಿ ಮಾಡದೆ ಕೊಟ್ಟೆವು. ಬಿಲ್ಲುಗಳ ಮೇಲಿಡಲು ಒಂದು ಹೊಳೆಗಲ್ಲನ್ನೂ ಮಾವನೇ ಹುಡುಕಿಕೊಟ್ಟರು.

ಎರಡನೆಯ ದಿನ: ಇಕ್ಕೇರಿ, ಕೆಳದಿ

ಆಯನೂರು, ಕುಂಸಿ, ಆನಂದಪುರ ದಾಟುವಾಗ ರಸ್ತೆಯ ಎರಡೂ ಬದಿ ಮಂಜು. ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿ ನಿಂತಿತ್ತು. ಸಾಗರದಲ್ಲಿ ಬಿಸಿ ಕಡುಬು, ಕಾಯಿ ಚಟ್ನಿ ತಿಂದು ಬಾಡಿಗೆ ಕಾರು ಹಿಡಿದೆವು. ಚಾಲಕ ಅಲ್ಲಿಯ ಹುಡುಗ. ಯಾವ ಮನೆಯ ಅಟ್ಟದಲ್ಲಿ ಏನಿದೆ ಎಂಬುದರಲ್ಲಿ ನಮ್ಮಷ್ಟೇ ಆಸಕ್ತಿ ಅವನಿಗೂ ಹುಟ್ಟಿಬಿಟ್ಟಿತು.

ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ಜನ ಶಿಲ್ಪ ನೋಡಲು ಹೋಗುತ್ತಾರೆ. ಮಾವ ಹೋದದ್ದು ಕಂಬಗಳ ನಡುವಿನ ಜಾಗ ನೋಡಲು. ಇಲ್ಲಿನ ನಡುಗಂಬಗಳ ಅಂತರವನ್ನೇ ಕೆಳದಿ ಸೀಮೆಯಲ್ಲಿ ತೋಟದ ಭೂಮಿ ಅಳೆಯುವ ಪ್ರಮಾಣವಾಗಿ ಇಟ್ಟುಕೊಂಡಿದ್ದರೆಂದು ಹಳೆಯ ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. ಇಂಗ್ಲಿಷ್ ಲೆಕ್ಕದಲ್ಲಿ 18 ಅಡಿ 6 ಅಂಗುಲ. ಮಾವ ಚಪ್ಪಲಿ ಬಿಟ್ಟು, ಆ ನೆಲದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಲೆಕ್ಕ ಹಾಕಿದರು. ಆಮೇಲೆ ಕಂಬಕ್ಕೆ ಕೈ ಊರಿ ಬಹಳ ಹೊತ್ತು ಸುಮ್ಮನೆ ನಿಂತರು. ಕೋಲು ಸವೆಯಬಹುದು, ಹಗ್ಗ ಹಿಗ್ಗಬಹುದು, ಕೋಲು ಹಿಡಿದವನು ಲಂಚ ತಿನ್ನಬಹುದು. ಜಗಳ ಬಂದರೆ ಬನ್ನಿ, ದೇವರ ಎದುರಿಗೇ ಅಳೆಯೋಣ ಎಂದರೆ ಮುಗಿಯಿತು. ಭೂಮಿಯನ್ನು ಅದರ ಹುಟ್ಟುವಳಿಗೆ ತಕ್ಕಂತೆ ವಿಂಗಡಿಸಿ ಕಂದಾಯ ಕಟ್ಟಿದ ಶಿವಪ್ಪ ನಾಯಕನ ‘ಶಿಸ್ತು’ ಇದೇ ಸೀಮೆಯಲ್ಲಿ ನಡೆದದ್ದು ಆಶ್ಚರ್ಯವಲ್ಲ. ಒಂದು ಅಳತೆಗೋಲನ್ನು ಹುಡುಕಿಕೊಂಡು ಹೋಗಿ ಅದರೊಳಗೇ ನಿಂತು ಬಂದ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕೆಳದಿಯಲ್ಲಿ ರಾಮೇಶ್ವರನ ಗುಡಿಯ ಗಂಡಭೇರುಂಡಕ್ಕೆ ಕತ್ತೆತ್ತಿ ನಮಸ್ಕರಿಸಿ, ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಹೋದೆವು. ತಾಡವಾಲೆಗಳನ್ನು ಇಲ್ಲಿ ಹತ್ತಿರದಿಂದ ನೋಡಬಹುದು. ಮನೆಯಲ್ಲಿ ಓಲೆಗರಿಯ ಕಟ್ಟು ಇರುವವರು ನೀರು ಮುಟ್ಟಿಸಬಾರದು, ಬಿಸಿಲಿಗೆ ಹರಡಬಾರದು. ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವುದು ಹಿಂದಿನಿಂದ ನಡೆದು ಬಂದ ಕ್ರಮ. ತಿಳಿದವರ ಕೈಯಲ್ಲಿ ಮಾಡಿಸುವುದು ಉತ್ತಮ.

ಸಂಜೆ ಸಾಗರದ ಹತ್ತಿರದ ಹಳ್ಳಿಯೊಂದರಲ್ಲಿ ಚಾಲಕನ ಅತ್ತೆಯ ಮನೆ. ಮರುದಿನ ಭೂಮಿ ಹುಣ್ಣಿಮೆ. ದೀವರ ಮನೆಗಳಲ್ಲಿ ಅಂದು ಗರ್ಭಿಣಿ ಭೂಮಿತಾಯಿಗೆ ಬಯಕೆಯ ಊಟ ಕೊಂಡೊಯ್ಯುತ್ತಾರೆ. ಅದಕ್ಕಾಗಿ ಭೂಮಣ್ಣಿ ಬುಟ್ಟಿ ಜಗಲಿಯ ಮೇಲೆ ಸಿದ್ಧವಾಗಿತ್ತು: ಕೆಮ್ಮಣ್ಣು ಬಳಿದ ಮೈ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳ ಚಿತ್ತಾರ. ಪುಂಡಿ ನಾರಿನ ಕುಂಚದಲ್ಲಿ ಕೈ ನಡುಗದೆ ಎಳೆದ ಗೆರೆಗಳು. ಬುಟ್ಟಿ ಎಷ್ಟು ಹಳೆಯದೆಂದು ಕೇಳಿದೆ.

“ಬುಟ್ಟಿ ನಮ್ಮ ಅತ್ತೆಯ ಕಾಲದ್ದು ತಮ್ಮಾ. ಚಿತ್ತಾರ ನಿನ್ನೆಯದು” ಎಂದರು ಆ ತಾಯಿ.

ಅಂಚಿನಲ್ಲಿ ಬಣ್ಣ ಎದ್ದ ಕಡೆ ಹಳೆಯ ಕೆಮ್ಮಣ್ಣಿನ ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು. ಇಂಥದ್ದನ್ನು ಕೊಂಡು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದರ ಮುಂದಿನ ಪದರವನ್ನು ನಾವೇ ತಡೆದಂತೆ. ಬೇಕೆನ್ನುವವರು ಇದೇ ಕೈಗಳಿಂದ ಹೊಸ ಬುಟ್ಟಿ ಬರೆಸಿಕೊಳ್ಳಲಿ, ಅದಕ್ಕೆ ಸರಿಯಾದ ಬೆಲೆ ಕೊಡಲಿ. ಆ ಮನೆಯ ಅಟ್ಟದಿಂದ ಇಳಿದ ಒಂದು ಪಾವನ್ನು ಮಾತ್ರ ಅವರು ಸಂತೋಷದಿಂದ ಕೊಟ್ಟರು. ಬಿದಿರಿನ ಗೆಣ್ಣಿನಿಂದಲೇ ಮಾಡಿದ್ದು. ಬಾಯಿಯ ಅಂಚು ಒಂದೇ ಕಡೆ ಸವೆದಿತ್ತು. ರಾಶಿಯಿಂದ ಅಕ್ಕಿ ತೋಡುವಾಗ ಯಾವಾಗಲೂ ಬಲಗೈಯಲ್ಲಿ ಒಂದೇ ಓರೆಗೆ ಹಿಡಿದದ್ದರ ಗುರುತು.

ಮೂರನೆಯ ದಿನ: ನಗರದ ದಾರಿಯ ಮಳೆ

ಹೊಸನಗರ ದಾಟಿ ನಗರದ ಕೋಟೆ ಹತ್ತಿದಾಗ ಬಿಸಿಲಿತ್ತು. ಇದೇ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರ್ ಅಲಿ ಇದನ್ನು ಗೆದ್ದ. ಗೆದ್ದವನು ನಾಣ್ಯವನ್ನು ಮಾತ್ರ ಬದಲಿಸಲಿಲ್ಲ. ಇಕ್ಕೇರಿ ವರಹದ ಮೇಲಿದ್ದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿಯಲ್ಲಿ ಹಾಕಿಸಿದ. ಜನ ನಂಬಿದ ಹಣವನ್ನು ಕೆಡಿಸಬಾರದೆಂಬ ತಿಳಿವಳಿಕೆ ಅದು. ಕೋಟೆಯ ಕೆಳಗೆ ಸಿಕ್ಕ ರೈತರೊಬ್ಬರು, ಹಿಂದೆ ತೋಟದ ಕಪ್ಪು, ಅಂದರೆ ಬಸಿಗಾಲುವೆ, ತೋಡುವಾಗ ಯಾರಿಗೋ ನಾಣ್ಯ ಸಿಕ್ಕಿ ಊರೆಲ್ಲ ಗುಲ್ಲಾದ ಕಥೆ ಹೇಳಿದರು. ನೆಲದಲ್ಲಿ ಸಿಕ್ಕದ್ದು ಮುಚ್ಚಿಟ್ಟುಕೊಳ್ಳುವ ಸ್ವತ್ತಲ್ಲ. ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾನೂನು ಹೇಳುತ್ತದೆ.

ತೀರ್ಥಹಳ್ಳಿಯ ಕಡೆ ತಿರುಗಿದ್ದೇ ತಡ, ಮಳೆ ಬಿದ್ದ ರೀತಿಗೆ ಕಾರಿನ ಮುಂದೆ ಏನೂ ಕಾಣದಾಯಿತು. ಸ್ವಲ್ಪ ದೂರದಲ್ಲಿ ಧೂಪದ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಹಿಂದಕ್ಕೆ ತಿರುಗಿಸುವಾಗ ಚಕ್ರ ಚರಂಡಿಗೆ ಇಳಿಯಿತು. ಇಳಿದು ತಳ್ಳುವಷ್ಟರಲ್ಲಿ ಕಾಲಿಗೆ ಉಂಬಳ ಎಂಬ ಜಿಗಣೆಗಳು ಹತ್ತಿದವು. (ಸುಣ್ಣದ ಡಬ್ಬಿ ಜೇಬಿನಲ್ಲಿರಲಿ, ಒಂದು ಚೂರು ತಾಗಿಸಿದರೆ ಬಿಟ್ಟುಬೀಳುತ್ತವೆ.) ಸದ್ದು ಕೇಳಿ ಮೇಲಿನ ಅಡಿಕೆ ತೋಟದ ಮನೆಯಿಂದ ಕಂಬಳಿಕೊಪ್ಪೆ ಹಾಕಿಕೊಂಡು ಇಬ್ಬರು ಬಂದರು. ಮರ ಕಡಿಯುವವರೆಗೆ ದಾರಿ ಇಲ್ಲ, ಬನ್ನಿ ಎಂದು ಕರೆದೊಯ್ದರು.

“ಮೊದಲು ಕಾಲು ತೊಳೆಯಿರಿ. ಆಸರಿಗೆ ಏನು ಕೊಡಲಿ?” ಎಂದರು ಯಜಮಾನರು. ಕಷಾಯ ಬಂತು, ಜೊತೆಗೆ ತೊಡೆದೇವು. ಹೊರಗೆ ಮಾಡಿನಡಿ ಮೊದಲ ಕೊಯ್ಲಿನ ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿಗಳ ಟಕ್ ಟಕ್ ಸದ್ದು, ಹಿತ್ತಿಲಿನ ಒಲೆಯಿಂದ ಅಡಿಕೆ ಬೇಯುವ ಚೊಗರಿನ ಘಾಟು.

ಜಗಲಿಯ ಮೂಲೆಯಲ್ಲಿ ಗುಜರಿಗೆಂದು ತೆಗೆದಿಟ್ಟ ಒಂದು ಹೆಡಿಗೆ. ಮಾವನ ಕಣ್ಣು ಆಗಲೇ ಅಲ್ಲಿತ್ತು. ಅನುಮತಿ ಕೇಳಿ ಒಂದೊಂದೇ ತೆಗೆದರು. ಗಂಗಾಳವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಉದ್ದಕ್ಕೂ ಅನುರಣಿಸಿತು, ಅದು ಕಂಚು, ತಾಮ್ರಕ್ಕೆ ತವರ ಸೇರಿದ್ದು. ಬಿದ್ದರೆ ಒಡೆಯುತ್ತದೆ, ಜೋಪಾನ. ತಂಬಿಗೆ ಚುಟುಕಾಗಿ ಸದ್ದು ಮಾಡಿ ಸುಮ್ಮನಾಯಿತು, ಅದು ಹಿತ್ತಾಳೆ, ತಾಮ್ರಕ್ಕೆ ಸತು ಸೇರಿದ್ದು. ತಳದಲ್ಲಿ ಒಂದು ತಾಮ್ರದ ಬಟ್ಟಲು: ತೆಂಗಿನ ಗರಟೆಗಿಂತ ಸ್ವಲ್ಪ ದೊಡ್ಡದು, ಕಾಗದದಂತೆ ತೆಳು, ಅಂಚು ಒಂದು ಕಡೆ ಒಳಕ್ಕೆ ಜಜ್ಜಿತ್ತು.

“ಅದು ತೂತು ಬಿದ್ದದ್ದು. ಬೆಸುಗೆ ಹಾಕಿಸುವಷ್ಟು ಯೋಗ್ಯತೆ ಅದಕ್ಕಿಲ್ಲ” ಎಂದರು ಯಜಮಾನರು.

ಮಾವ ಅದನ್ನು ಬೆಳಕಿಗೆ ಹಿಡಿದರು. ತೂತು ಸರಿಯಾಗಿ ನಟ್ಟನಡುವೆ. ಸೂಜಿ ಹೋಗುವಷ್ಟು ಸಣ್ಣದು, ದುಂಡು, ಅಂಚು ನುಣುಪು. ಕಿಲುಬು ತಿಂದು ಬಿದ್ದ ತೂತು ಹೀಗಿರುವುದಿಲ್ಲ, ಅಂಕುಡೊಂಕಾಗಿರುತ್ತದೆ. ಶಿವಲಿಂಗದ ಮೇಲೆ ತೂಗುಹಾಕುವ ಧಾರಾಪಾತ್ರೆ ಇರಬಹುದೇ ಎಂದು ನಾನು ಕೇಳಿದೆ. ಅದಕ್ಕೆ ಸರಪಳಿ ಕಟ್ಟಲು ಬಾಯಲ್ಲಿ ಬಳೆಗಳಿರಬೇಕು, ತೂತೂ ದೊಡ್ಡದಿರುತ್ತದೆ. ಇದಕ್ಕೆ ತೂಗುಹಾಕಿದ ಗುರುತೇ ಇಲ್ಲ.

“ಒಂದು ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕೊಡುತ್ತೀರಾ?” ಎಂದರು ಮಾವ. ಅವರ ದನಿ ಸಣ್ಣಗೆ ಕಂಪಿಸುತ್ತಿತ್ತು.

ಹಿತ್ತಾಳೆಯ ಕೊಪ್ಪರಿಗೆಯಲ್ಲಿ ನೀರು ಬಂತು. ಮಾವ ಬಟ್ಟಲನ್ನು ನೀರಿನ ಮೇಲೆ ಮೆಲ್ಲಗೆ ತೇಲಿಬಿಟ್ಟು, ಮೊಬೈಲಿನಲ್ಲಿ ಸಮಯ ಒತ್ತಿದರು. ತಳದಿಂದ ದಾರದಷ್ಟು ಸಣ್ಣ ಚಿಲುಮೆ ಮೇಲಕ್ಕೆ ಚಿಮ್ಮತೊಡಗಿತು. ಬಟ್ಟಲು ಅಲುಗದೆ ಕೂತಿತ್ತು. ಐದು ನಿಮಿಷಕ್ಕೆ ತಳ ಮುಚ್ಚಿತು. ಹತ್ತು ನಿಮಿಷಕ್ಕೆ ಅಡಿಕೆ ಸುಲಿಯುವವರು ಮೆಟ್ಟುಗತ್ತಿ ಬಿಟ್ಟು ಎದ್ದು ಬಂದರು. ಒಳಗಿನಿಂದ ಯಜಮಾನರ ತಾಯಿ ಗೋಡೆ ಹಿಡಿದುಕೊಂಡು ಬಂದು ನೋಡಿ, “ಅಯ್ಯೋ, ಇದು ಗಳಿಗೆ ಬಟ್ಟಲು! ನನ್ನ ಧಾರೆಯ ದಿನ ಭಟ್ಟರು ಇದನ್ನು ಬಿಟ್ಟುಕೊಂಡು ಕೂತಿದ್ದರು. ಮುಳುಗಿದ ಮೇಲೇ ಅಂತರಪಟ ತೆಗೆದದ್ದು” ಎಂದರು.

ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ಗಡಿಯಾರ ಬರುವ ಮುಂಚೆ ಮುಹೂರ್ತ ಹಿಡಿದದ್ದು ಇಂಥ ಬಟ್ಟಲುಗಳಲ್ಲಿ. ಭಾಸ್ಕರಾಚಾರ್ಯರ ಮಗಳು ಬಗ್ಗಿ ನೋಡುವಾಗ ಒಡವೆಯ ಮುತ್ತು ಬಟ್ಟಲಿಗೆ ಬಿದ್ದು ತೂತು ಮುಚ್ಚಿ, ಮುಹೂರ್ತವೇ ತಪ್ಪಿತೆಂಬ ಕಥೆಯನ್ನು ಯಜಮಾನರು ಹೇಳುತ್ತಿದ್ದಂತೆ ನೀರು ಅಂಚಿಗೆ ಬಂತು. ಬಟ್ಟಲು ಒಮ್ಮೆ ನಡುಗಿ, ‘ಗುಳಕ್’ ಎಂದು ಮುಳುಗಿತು. ಮಾವ ಮೊಬೈಲು ತೋರಿಸಿದರು: 22 ನಿಮಿಷ, ಕೆಲವು ಸೆಕೆಂಡು. ಜಜ್ಜಿದ ಅಂಚಿನಿಂದ ಬಟ್ಟಲಿನ ಹೊಟ್ಟೆ ಕುಗ್ಗಿದೆ, ಸೂಜಿ ಹಾಕಿ ಶುಚಿ ಮಾಡಿ ಮಾಡಿ ತೂತೂ ಹಿಗ್ಗಿರಬಹುದು, ಎರಡೂ ಸೇರಿ ಆ ಒಂದೂವರೆ ನಿಮಿಷ ಎಂದು ಅವರ ತೀರ್ಪು. ಜೀವಮಾನವಿಡೀ ಧಾನ್ಯ, ಎಣ್ಣೆ, ಬಂಗಾರ ಅಳೆಯುವುದನ್ನು ಪರೀಕ್ಷಿಸಿದ ಮನುಷ್ಯ ಅಂದು ಕಾಲ ಅಳೆಯುವುದನ್ನು ಪರೀಕ್ಷಿಸಿದರು.

ನನಗೆ ಅದು ಬೇಕಿತ್ತು. ಕೇಳಿಯೂ ಕೇಳಿದೆ. ಅಜ್ಜಿ ಬಟ್ಟಲನ್ನು ಸೆರಗಿನಲ್ಲಿ ಒರೆಸುತ್ತ, “ಇನ್ನು ಇದು ಎಲ್ಲಿಗೂ ಹೋಗುವುದಿಲ್ಲ. ಮೊಮ್ಮಗಳ ಮದುವೆಗೆ ಬೇಕು” ಎಂದರು. ಜಜ್ಜಿದ ಅಂಚನ್ನು ತಟ್ಟಿಸಿ ನೆಟ್ಟಗೆ ಮಾಡಿಸಬೇಡಿ, ತೆಳು ತಾಮ್ರ ಸೀಳುತ್ತದೆ ಎಂದು ಮಾವ ಎಚ್ಚರಿಸಿದರು. ಅಪ್ಪೆಹುಳಿ, ಒಂದೆಲಗದ ತಂಬುಳಿಯ ಊಟವಾಗುವ ಹೊತ್ತಿಗೆ ಮರ ಕಡಿದು ದಾರಿ ಬಿಟ್ಟಿದ್ದರು.

ಕೊನೆಯ ದಿನ: ಕುಪ್ಪಳಿ, ತೀರ್ಥಹಳ್ಳಿ

ಕುಪ್ಪಳಿಯ ಕವಿಮನೆಯಲ್ಲಿ ಮಲೆನಾಡಿನ ಮನೆಬಳಕೆಯ ವಸ್ತುಗಳನ್ನು ಒಂದೇ ಸೂರಿನಡಿ ನೋಡಬಹುದು. ಅಟ್ಟ ಹುಡುಕಲು ಹೊರಡುವವರು ಮೊದಲು ಇಲ್ಲಿ ಅರ್ಧ ದಿನ ಕಳೆದರೆ ಕಣ್ಣು ಪಳಗುತ್ತದೆ. ನಾವು ಕೊನೆಗೆ ಬಂದೆವು, ಆದರೂ ಒಂದೊಂದನ್ನೂ ಕಂಡು ಹಳೆಯ ಪರಿಚಯದವರನ್ನು ಭೇಟಿಯಾದ ಸಂತೋಷ.

ತೀರ್ಥಹಳ್ಳಿಯ ಹೊರಗೆ ಹಳೆಯ ಮರ ಮಾರುವ ಕೊಟ್ಟಿಗೆಯೊಂದಿದೆ. ಬಿಚ್ಚಿದ ತೊಟ್ಟಿ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಯ ಹಲಗೆ ರಾಶಿ ಬಿದ್ದಿದ್ದವು. ಗೋಡೆಯ ಮೇಲೆ ಸಾರಂಗದ ಕೊಂಬು. ಕೊಳ್ಳಬೇಡಿ, ವನ್ಯಜೀವಿ ಕಾಯ್ದೆ ಅದರ ವ್ಯಾಪಾರವನ್ನು ನಿಷೇಧಿಸಿದೆ. ಹೆಂಚುಗಳ ಮೇಲೆ ಬಾಸೆಲ್ ಮಿಶನ್ ಮುದ್ರೆ, 1865. ಮಾಲೀಕರು ನೂರೈವತ್ತು ವರ್ಷದ ಹೆಂಚು ಎಂದರು. ಅದು ಮಂಗಳೂರಿನಲ್ಲಿ ಕಾರ್ಖಾನೆ ಆರಂಭವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಕಾಮನ್‌ವೆಲ್ತ್ ಎಂಬ ಮುದ್ರೆ ಇದ್ದರೆ ಮೊದಲ ಮಹಾಯುದ್ಧದ ನಂತರದ್ದೆಂದು ಧೈರ್ಯವಾಗಿ ಹೇಳಬಹುದು, ಯುದ್ಧದಲ್ಲಿ ಮಿಶನ್ನಿನ ಕಾರ್ಖಾನೆಗಳು ಕೈ ಬದಲಾದವು.

ಅಲ್ಲೇ ಕಂಬಗಳ ಸಂದಿಯಲ್ಲಿ ಸಿಕ್ಕಿದ್ದು ಈಗ ನನ್ನ ಮೇಜಿನ ಮೇಲಿದೆ. ಬೀಟೆ ಮರದ್ದು, ಒಂದು ಗೇಣಿಗಿಂತ ಸ್ವಲ್ಪ ಉದ್ದ. ಒಂದು ತುದಿಯಲ್ಲಿ ಮೂರು ಕಚ್ಚು, ಇನ್ನೊಂದು ತುದಿ ಮೊಂಡು. ನಡುವೆ ಹೆಬ್ಬೆರಳು ಹೋಗುವ ತೂತು. ಅದರ ಒಂದೇ ಬದಿ ಹಗ್ಗ ಉಜ್ಜಿದಂತೆ ಸವೆದಿದೆ. ಕಚ್ಚುಗಳಲ್ಲಿ ಸವಕಳಿಯೇ ಇಲ್ಲ. ಮಗ್ಗದ್ದಲ್ಲ, ನೊಗದ್ದಲ್ಲ ಎಂದು ಮಾವ ಹೇಳುತ್ತಾರೆ. ಬಾವಿಯ ರಾಟೆಗೆ ಕಟ್ಟಿ ನೋಡಿದೆವು, ಕೂಡಲಿಲ್ಲ. ಅಡಿಕೆ ಕೊನೆ ಇಳಿಸುವ ಹಗ್ಗಕ್ಕೆ ಹಾಕಿ ನೋಡುವುದು ಬಾಕಿ ಇದೆ. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇಂಥದ್ದನ್ನು ಬಳಸಿದ್ದು ನೆನಪಿದ್ದರೆ ಅವರಿಗೆ ಈ ವಿವರ ಓದಿ ಹೇಳಿ. ಯಾವ ಕೈಯಲ್ಲಿ, ಹೇಗೆ ಹಿಡಿಯುತ್ತಿದ್ದರೆಂದು ಕೇಳಿ ತಿಳಿಸಿ.